ಗುರುವನ್ನು ಆರಿಸಿದವರು ಯಾರು?

ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ 2023ರ ಜನವರಿ 2ರಂದು ದೇಹ ಬಿಟ್ಟರು. ಜೇಬಿಲ್ಲದ ಅಂಗಿ ತೊಟ್ಟು ಬದುಕಿದವರು, ಪದ್ಮಶ್ರೀ ಬಂದಾಗ ನಮಸ್ಕರಿಸಿ ಬೇಡವೆಂದವರು. ತಮ್ಮ ಹೆಸರಿನಲ್ಲಿ ಸ್ಮಾರಕ ಕಟ್ಟಬಾರದು, ದೇಹವನ್ನು ಅಗ್ನಿಗೆ ಒಪ್ಪಿಸಬೇಕು ಎಂದು ವರ್ಷಗಳ ಮೊದಲೇ ಬರೆದಿಟ್ಟಿದ್ದರು. ದೇಹ ಹೋಯಿತು, ದನಿ ಉಳಿಯಿತು. ಬೆಳಗಾಗೆದ್ದು ಒಲೆಯ ಮೇಲೆ ಹಾಲಿಟ್ಟು, ಪಕ್ಕದ ಡಬ್ಬಿಗೆ ಮೊಬೈಲು ಒರಗಿಸಿ ಅವರ ಪ್ರವಚನ ಹಚ್ಚುವ ಮನೆಗಳು ಉತ್ತರ ಕರ್ನಾಟಕದಲ್ಲಿ ಬೇಕಾದಷ್ಟಿವೆ. ಊರು ಬಿಟ್ಟು ದೂರ ಹೋದವರಿಗೂ ಯೂಟ್ಯೂಬಿನಲ್ಲಿ ಅದೇ ದನಿ ಸಿಗುತ್ತದೆ.

ಹೀಗೆ ಕೇಳುವುದು ಶ್ರವಣವೇ? ಗುರು ಎದುರಿಗಿಲ್ಲ. ಕೇಳುತ್ತಿರುವವರು ಯಾರೆಂದು ಗುರುವಿಗೆ ಗೊತ್ತಿಲ್ಲ. ಅನುಮಾನ ಬಂದರೆ ಕೈ ಎತ್ತುವಂತಿಲ್ಲ. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಯಾಜ್ಞವಲ್ಕ್ಯ ಮೈತ್ರೇಯಿಗೆ ಹೇಳುವ ದಾರಿಯಲ್ಲಿ ಕೇಳುವುದು ಮೊದಲ ಮೆಟ್ಟಿಲು ಮಾತ್ರ. ಕೇಳಿದ್ದನ್ನು ಮನಸ್ಸಿನಲ್ಲಿ ಮಥಿಸುವುದು, ಅದರಲ್ಲೇ ನೆಲೆ ನಿಲ್ಲುವುದು ಆಮೇಲಿನವು. ಮುಂಡಕ ಉಪನಿಷತ್ತಂತೂ ಕೈಯಲ್ಲಿ ಸಮಿತ್ತು, ಅಂದರೆ ಯಜ್ಞದ ಕಟ್ಟಿಗೆ, ಹಿಡಿದು ಗುರುವಿನ ಬಳಿಗೇ ಹೋಗಬೇಕು ಎನ್ನುತ್ತದೆ.

ಕಲಿಕೆಗೆ ಹೊಸ ಸಾಧನ ಬಂದಾಗಲೆಲ್ಲ ಈ ಅಂಜಿಕೆ ಎದ್ದಿದೆ. ಉಚ್ಚಾರಣೆಯ ಶಾಸ್ತ್ರಗ್ರಂಥವಾದ ಪಾಣಿನೀಯ ಶಿಕ್ಷೆಯಲ್ಲಿ ವೇದಪಾಠಕರಲ್ಲಿ ಕೀಳಾದವರ ಪಟ್ಟಿಯೊಂದಿದೆ. ಆರು ಬಗೆಯವರ ಆ ಪಟ್ಟಿಯಲ್ಲಿ ಬರೆದದ್ದನ್ನು ನೋಡಿ ಓದುವವನೂ ಇದ್ದಾನೆ. ಇಂದು ಪೂಜೆಯ ಮಣೆಯ ಮೇಲೆ ಇಟ್ಟು ಕೈ ಮುಗಿಯುವ ಓಲೆಗರಿಯನ್ನೂ ಒಂದು ಕಾಲದ ಹಿರಿಯರು ಅನುಮಾನದಿಂದಲೇ ನೋಡಿದ್ದರು. ಅದೇ ಪಟ್ಟಿಯಲ್ಲಿ ಅವಸರದಿಂದ ಓದುವವನೂ, ಅರ್ಥ ತಿಳಿಯದೆ ಓದುವವನೂ ಇದ್ದಾರೆ. ಓಲೆಗರಿಯ ಮೇಲಿನ ಆಕ್ಷೇಪ ಕಾಲದ ಜೊತೆ ಸವೆದುಹೋಯಿತು. ಈ ಎರಡು ಸವೆದಿಲ್ಲ, ಮೊಬೈಲಿನ ಕಾಲದಲ್ಲಿ ಇನ್ನಷ್ಟು ಚುರುಕಾಗಿವೆ.

ಕನ್ನಡನಾಡು ಜ್ಞಾನವನ್ನು ಹಂಚುವ ವಿಷಯದಲ್ಲಿ ಧಾರಾಳಿ. ಹತ್ತನೆಯ ಶತಮಾನದ ಕೊನೆಯ ಹೊತ್ತಿಗೆ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣವನ್ನು 1000 ಪ್ರತಿ ಮಾಡಿಸಿ ಹಂಚಿದಳು. ಒಂದೊಂದು ಅಕ್ಷರವನ್ನೂ ಕಂಟದಿಂದ ಕೊರೆಯಬೇಕಾಗಿದ್ದ ಕಾಲವದು. ಜೈನರಿಗೆ ಶಾಸ್ತ್ರದಾನವೆಂದರೆ ಅನ್ನ, ಔಷಧ, ಅಭಯಗಳ ಸಾಲಿನಲ್ಲೇ ನಿಲ್ಲುವ ದಾನ. ಆ ಲಿಪಿಕಾರರು ಪ್ರತಿ ಮಾಡುವಾಗ ಇಡೀ ಕಾವ್ಯ ಅವರ ಕೈಯ ಮೂಲಕ ಹಾದುಹೋಗಲೇಬೇಕಿತ್ತು. ಇಂದು ಮೊಬೈಲಿನಲ್ಲಿ ಬಂದದ್ದನ್ನು ಫಾರ್ವರ್ಡ್ ಮಾಡುವವರಿಗೆ ಓದುವ ಅಗತ್ಯವೂ ಇಲ್ಲ. ಸುಳ್ಳು ಸುದ್ದಿಯ ಹಾವಳಿ ಕಂಡು ವಾಟ್ಸಾಪ್ 2018ರಲ್ಲಿ ಭಾರತದಲ್ಲಿ ಒಂದು ಸಲಕ್ಕೆ ಐದು ಕಡೆಗಷ್ಟೇ ಕಳಿಸುವ ಮಿತಿ ತಂದಿತು. 2020ರಲ್ಲಿ, ಹಲವು ಕೈ ದಾಟಿ ಬಂದ ಸಂದೇಶವನ್ನು ಒಂದು ಸಲಕ್ಕೆ ಒಂದೇ ಕಡೆಗೆ ಕಳಿಸಬಹುದೆಂದು ಬಿಗಿಮಾಡಿತು. ದಾನಕ್ಕೆ ಮಿತಿ ಹಾಕಬೇಕಾಗಿ ಬಂದದ್ದು ದುಃಖದ ಸಂಗತಿ. ಆದರೂ ಆ ಮಿತಿ ಬೇಕೇ ಇತ್ತು.

ಹಾಗಾದರೆ ಎದುರಿಗಿಲ್ಲದ ಗುರುವಿನಿಂದ ಕಲಿಯಲಾಗದೇ? ಇದಕ್ಕೆ ಭಾಗವತದ ಹನ್ನೊಂದನೆಯ ಸ್ಕಂಧದಲ್ಲಿ ಒಂದು ದಿಟ್ಟ ಉತ್ತರವಿದೆ. ಕೃಷ್ಣ ಉದ್ಧವನಿಗೆ ಹೇಳುವ ಕಥೆ ಅದು. ಚಿಂತೆಯಿಲ್ಲದೆ ಅಲೆಯುತ್ತಿದ್ದ ಅವಧೂತನೊಬ್ಬನನ್ನು ಯದುರಾಜ ಕಂಡು, ಈ ನೆಮ್ಮದಿ ಎಲ್ಲಿಂದ ಬಂತೆಂದು ಕೇಳುತ್ತಾನೆ. ನನಗೆ 24 ಗುರುಗಳು ಎಂದು ಅವಧೂತ ಎಣಿಸತೊಡಗುತ್ತಾನೆ: ಭೂಮಿ, ಗಾಳಿ, ಹೆಬ್ಬಾವು, ಜೇಡ, ಬಾಣ ಮಾಡುವವನು, ಪಿಂಗಳೆಯೆಂಬ ವೇಶ್ಯೆ. ಈ ಅವಧೂತ ದತ್ತಾತ್ರೇಯನೇ ಎಂಬುದು ಪರಂಪರೆಯ ನಂಬಿಕೆ. ಆ ದತ್ತನಿಗೆ ಗಾಣಗಾಪುರದಲ್ಲಿ ಇಂದಿಗೂ ಭಕ್ತರ ಸಾಲು ನಿಲ್ಲುತ್ತದೆ.

ಈ ಗುರುಗಳಲ್ಲಿ ಒಬ್ಬರೂ ಅವನಿಗೆ ಪಾಠ ಹೇಳಲಿಲ್ಲ. ಅವರಲ್ಲಿ ಒಬ್ಬಳಾದ ಹುಡುಗಿಯ ಕಥೆಯನ್ನೇ ನೋಡಿ. ಮನೆಯಲ್ಲಿ ಹಿರಿಯರಿಲ್ಲದಾಗ ಕನ್ಯೆ ನೋಡಲು ನೆಂಟರು ಬಂದಿದ್ದಾರೆ. ಹುಡುಗಿ ಒಳಗೆ ಭತ್ತ ಕುಟ್ಟುತ್ತಾಳೆ, ಬಳೆಗಳು ಸದ್ದು ಮಾಡುತ್ತವೆ. ಮನೆಯ ಬಡತನ ಹೊರಗೆ ಕೇಳಿಸೀತೆಂದು ನಾಚಿ ಒಂದೊಂದಾಗಿ ಬಳೆ ಒಡೆದು ಕೈಗೆರಡು ಉಳಿಸುತ್ತಾಳೆ. ಎರಡೂ ತಾಕಿ ಸದ್ದಾಗುತ್ತದೆ. ಕೊನೆಗೆ ಕೈಗೊಂದೇ. ತನ್ನನ್ನು ನೋಡಿ ಒಬ್ಬ ಸಂನ್ಯಾಸಿ ಏಕಾಂತವನ್ನು ಕಲಿತನೆಂದು ಆ ಹುಡುಗಿಗೆ ತಿಳಿಯಲೇ ಇಲ್ಲ. ಹಾಗೆ ನೋಡಿದರೆ ಪರದೆಯಾಚೆಗಿನ ದನಿಯೂ ಗುರುವಾಗಬಹುದು. ಅದಕ್ಕೆ ಅಡ್ಡಿಯಿಲ್ಲ.

ಆದರೆ ಅವಧೂತ ಇನ್ನೊಂದು ಮಾತನ್ನೂ ಸ್ಪಷ್ಟವಾಗಿ ಹೇಳುತ್ತಾನೆ: ಈ ಗುರುಗಳನ್ನು ಅವನು ತನ್ನ ಬುದ್ಧಿಯಿಂದಲೇ ಆಶ್ರಯಿಸಿದ್ದು. ಆಯ್ಕೆ ಅವನದು. ರೀಲ್ಸ್, ಶಾರ್ಟ್ಸ್ ನೋಡುತ್ತ ಕುಳಿತವರ ಮುಂದೆ ಮುಂದಿನ ಗುರುವನ್ನು ತಂದು ನಿಲ್ಲಿಸುವುದು ಅಲ್ಗಾರಿದಮ್. ಯಾವುದರ ಮೇಲೆ ಕಣ್ಣು ಹೆಚ್ಚು ಹೊತ್ತು ನಿಂತಿತು, ಯಾವುದಕ್ಕೆ ಬೆರಳು ಒತ್ತಿತು ಎಂಬ ಲೆಕ್ಕದಿಂದ ಅದು ಆರಿಸುತ್ತದೆ. ಆ ಲೆಕ್ಕಕ್ಕೆ ನೋಡುವವರ ಸೆಳೆತ ಗೊತ್ತು, ಅವರಿಗೆ ಹಿತವಾದದ್ದು ಯಾವುದೆಂದು ಗೊತ್ತಿಲ್ಲ. ದೀಪಕ್ಕೆ ಬಿದ್ದ ಪತಂಗ, ಹಾಡಿಗೆ ಮರುಳಾಗಿ ಸಿಕ್ಕಿಬಿದ್ದ ಜಿಂಕೆ, ಗಾಳದ ರುಚಿಗೆ ಸೋತ ಮೀನು ಕೂಡ ಅವಧೂತನ ಗುರುಗಳೇ. ಸೆಳೆತ ಆರಿಸಿದರೆ ಏನಾಗುತ್ತದೆ ಎಂಬುದನ್ನು ಅವನು ಇವುಗಳಿಂದ ಕಲಿತ.

ಸಿದ್ಧೇಶ್ವರ ಸ್ವಾಮೀಜಿಯವರ ಪ್ರವಚನಕ್ಕೆ ಶಾರ್ಟ್ಸ್‌ನಲ್ಲಿ ಆಗುವುದನ್ನೇ ನೋಡಿ. ಅವರದು ಮೆಲುದನಿ, ನಿಧಾನದ ಮಾತು. ಒಂದು ವಾಕ್ಯ ಮುಗಿದರೆ ತುಸು ತಡೆದು ಮುಂದಿನದಕ್ಕೆ ಹೋಗುವವರು. ತುಣುಕು ಮಾಡುವವರು ಮೊದಲು ಕತ್ತರಿಸುವುದು ಆ ಬಿಡುವನ್ನೇ. ಖಾಲಿ ಜಾಗ ಉಳಿಯದಂತೆ ಕೊಳಲಿನ ಸಂಗೀತ ತುಂಬುತ್ತಾರೆ, ಮೇಲೆ ದಪ್ಪಕ್ಷರದ ಸಾಲು. ಕೇಳುಗ ಮಥಿಸಲೆಂದು ಮಾತುಗಾರ ಬಿಟ್ಟುಕೊಟ್ಟಿದ್ದ ಜಾಗ ಅದು. ಪೂರ್ತಿ ಪ್ರವಚನ ಅದೇ ಯೂಟ್ಯೂಬಿನಲ್ಲಿ ಇದೆ. ಹುಡುಕಿ ತೆಗೆದು ಗಂಟೆ ಹೊತ್ತು ಕೂರುವವರು ಶ್ರವಣ ಮಾಡುತ್ತಾರೆಂದು ಹೇಳಲು ಯಾವ ಹಿಂಜರಿಕೆಯೂ ಬೇಡ.

ವಚನಗಳ ವಿಷಯದಲ್ಲಿ ಈ ಹುಡುಕಾಟ ಇನ್ನೂ ತುರ್ತಿನದು. ಬಸವಣ್ಣನವರ ಚಿತ್ರ, ಕೆಳಗೆ ಯಾರೋ ಈಚೆಗೆ ಕಟ್ಟಿದ ನಾಲ್ಕು ಸಾಲು, ಕೊನೆಗೆ ಕೂಡಲಸಂಗಮದೇವರ ಅಂಕಿತ: ಇಂಥ ಸಂದೇಶಗಳು ವಾಟ್ಸಾಪ್ ಗುಂಪುಗಳಲ್ಲಿ ಸುತ್ತುತ್ತಲೇ ಇರುತ್ತವೆ. ಫ. ಗು. ಹಳಕಟ್ಟಿಯವರು ಮನೆಮನೆಯ ಓಲೆಗರಿ ಕಟ್ಟು ಬಿಚ್ಚಿ, ಸ್ವಂತ ಮನೆ ಮಾರಿ ಮುದ್ರಣಾಲಯ ನಡೆಸಿ ವಚನಗಳನ್ನು ಉಳಿಸಿಕೊಟ್ಟ ನಾಡಿನಲ್ಲಿ ಇದು ಸಣ್ಣ ಅಪಚಾರವಲ್ಲ. ಆದರೆ ಪರಿಹಾರವೂ ಅದೇ ಮೊಬೈಲಿನಲ್ಲಿದೆ. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನ ಸಾಹಿತ್ಯ 15 ಸಂಪುಟಗಳಲ್ಲಿ ಬಂದಿದೆ. ‘ವಚನ ಸಂಚಯ’ ಎಂಬ ಜಾಲತಾಣದಲ್ಲಿ 20,000ಕ್ಕೂ ಹೆಚ್ಚು ವಚನಗಳಲ್ಲಿ ಬೇಕಾದ ಪದವನ್ನು ಹುಡುಕಬಹುದು. ಅನುಮಾನ ಬಂದ ಸಾಲಿನ ಒಂದು ಪದ ಹಾಕಿ ನೋಡಿದರೆ, ಆ ಸಾಲು ಸಿಗದಿದ್ದರೂ ಅದೇ ಪದವಿರುವ ಅಕ್ಕನ, ಅಲ್ಲಮನ, ಆಯ್ದಕ್ಕಿ ಲಕ್ಕಮ್ಮನ ವಚನ ಕಣ್ಣಿಗೆ ಬೀಳಬಹುದು. ಒಂದನ್ನು ಹುಡುಕಲು ಹೋದವರು ಹತ್ತು ಓದಿಕೊಂಡು ಬರುತ್ತಾರೆ. ಆಮೇಲೆ ಗುಂಪಿನಲ್ಲಿ, ‘ಅಣ್ಣಾ, ಈ ವಚನ ಯಾವ ಸಂಪುಟದಲ್ಲಿದೆ?’ ಎಂದು ಒಬ್ಬರು ಕೇಳಿದರೂ ಸಾಕು, ಮರುದಿನ ವಚನ ಹಾಕುವವರು ಸಂಪುಟದ ಸಂಖ್ಯೆಯನ್ನೂ ಜೊತೆಗೆ ಹಾಕತೊಡಗುತ್ತಾರೆ.