ಪಾಲಿಕೆಯ ಕಲ್ಯಾಣಿಯಲ್ಲಿ ವಿಸರ್ಜನೆ

ಗಣೇಶ ಚೌತಿಯಂದು ನಡೆಯುವುದು ಪಾರ್ಥಿವ ಪೂಜೆ. ಮಣ್ಣಿನಿಂದ ಮೂರ್ತಿ ಮಾಡಿ, ಪ್ರಾಣಪ್ರತಿಷ್ಠೆಯಿಂದ ದೇವರನ್ನು ಅದರೊಳಕ್ಕೆ ಕರೆದು, ಪೂಜೆ ಮುಗಿದ ಮೇಲೆ ಉದ್ವಾಸನೆ ಹೇಳಿ ಬೀಳ್ಕೊಡುವುದು ಇದರ ಕ್ರಮ. ಗುಡಿಯ ಶಿಲಾಮೂರ್ತಿ ತಲೆಮಾರುಗಳ ಕಾಲ ನಿಲ್ಲಬೇಕು, ಇದು ನಿಲ್ಲಬಾರದು. ಶೈವಾಗಮಗಳು ಮಣ್ಣು, ಮರಳು, ಅನ್ನದಿಂದ ಮಾಡಿದ ಲಿಂಗಗಳನ್ನು ಕ್ಷಣಿಕಲಿಂಗಗಳೆಂದು ಬೇರೆಯಾಗಿಯೇ ಎಣಿಸುತ್ತವೆ. ಉದ್ವಾಸನೆಯಾದ ಮೇಲೆ ಉಳಿಯುವುದು ಬರಿಯ ಮಣ್ಣು. ಅದನ್ನು ನೀರಿಗೆ ಬಿಟ್ಟು ಕರಗಿಸುವುದೇ ವಿಸರ್ಜನೆ. ಮನೆಯ ಗಣಪ ಬಾವಿಗೋ ಊರ ಕೆರೆಗೋ ಹೋಗುತ್ತಿದ್ದ ಕಾಲದಲ್ಲಿ, ಕೆರೆಯ ಜೇಡಿಮಣ್ಣು ಕೆರೆಗೇ ಮರಳುತ್ತಿತ್ತು.

ಪ್ಲಾಸ್ಟರ್ ಆಫ್ ಪ್ಯಾರಿಸ್ ಬಂದ ಮೇಲೆ ಈ ಸರಪಳಿ ಕಡಿದುಹೋಯಿತು. ಜಿಪ್ಸಮ್ಮನ್ನು ಸುಮಾರು 150 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಸಿಗುವ ಈ ಪುಡಿ ನೀರು ಬೆರೆತೊಡನೆ ಗಟ್ಟಿಯಾಗುತ್ತದೆ. ಅಚ್ಚಿಗೆ ಹೊಯ್ಯಲು ಸುಲಭ, ಹೊರಲು ಹಗುರ, ಆದರೆ ಕೆರೆಯಲ್ಲಿ ಬೇಗ ಕರಗದು. ಹಬ್ಬ ಕಳೆದು ಎಷ್ಟೋ ದಿನಗಳ ಮೇಲೂ ಕೈಕಾಲು ಮುರಿದ ಮೂರ್ತಿಗಳು ದಡದಲ್ಲಿ ಬಿದ್ದಿರುತ್ತವೆ. ಬಣ್ಣಗಳಲ್ಲಿರಬಹುದಾದ ಸೀಸ, ಕ್ರೋಮಿಯಂ ನೀರಿಗಿಳಿಯುತ್ತವೆ. ಹೂವು, ಬಾಳೆಕಂದು ಕೊಳೆತು ಮೀನಿಗೆ ಬೇಕಾದ ಆಮ್ಲಜನಕವನ್ನು ಕುಗ್ಗಿಸುತ್ತವೆ.

1992ರ 74ನೇ ತಿದ್ದುಪಡಿಯೊಂದಿಗೆ ಸಂವಿಧಾನಕ್ಕೆ ಸೇರಿದ ಹನ್ನೆರಡನೇ ಅನುಸೂಚಿ ಪರಿಸರ ರಕ್ಷಣೆಯನ್ನು ನಗರಾಡಳಿತಕ್ಕೆ ವಹಿಸಬಹುದಾದ ಕೆಲಸಗಳಲ್ಲಿ ಸೇರಿಸಿದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2010ರಲ್ಲಿ ವಿಸರ್ಜನೆಗೆ ಮಾರ್ಗಸೂಚಿ ಹೊರಡಿಸಿ, 2020ರಲ್ಲಿ ಅದನ್ನು ಬಿಗಿಗೊಳಿಸಿತು. ಬೆಂಗಳೂರು ಪಾಲಿಕೆ ಯಡಿಯೂರು, ಸ್ಯಾಂಕಿ, ಹಲಸೂರು ಮೊದಲಾದ ಕೆರೆಗಳಲ್ಲಿ ಮೂಲ ನೀರಿನಿಂದ ಬೇರ್ಪಡಿಸಿದ ಕಲ್ಯಾಣಿಗಳನ್ನು ಸಜ್ಜುಗೊಳಿಸಿತು. ಬಡಾವಣೆಗಳಿಗೆ ಸಂಚಾರಿ ತೊಟ್ಟಿಗಳನ್ನು ಕಳುಹಿಸಿತು.

ಆಕ್ಷೇಪ ಹುಟ್ಟುವುದು ಇಲ್ಲಿಯೇ. ಟ್ರ್ಯಾಕ್ಟರಿನ ಮೇಲಿನ ತೊಟ್ಟಿಯ ನೀರು ತೀರ್ಥವಾದೀತೇ? ಪೂಜೆಯ ಕೊನೆಯ ಹೆಜ್ಜೆಯನ್ನು ಪಾಲಿಕೆ ನಿರ್ಧರಿಸಬಹುದೇ? 25ನೇ ವಿಧಿ ಧರ್ಮಾಚರಣೆಯ ಹಕ್ಕನ್ನು ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಗಳಿಗೆ ಒಳಪಡಿಸಿದೆ. ಉಡುಪಿಯ ಶಿರೂರು ಮಠದ ಪ್ರಕರಣದಲ್ಲಿ 1954ರಲ್ಲಿ ಸುಪ್ರೀಂ ಕೋರ್ಟ್, ಧರ್ಮವೊಂದರ ಅವಶ್ಯ ಭಾಗ ಯಾವುದೆಂಬುದನ್ನು ಮೊದಲಿಗೆ ಆ ಧರ್ಮದ ಸಿದ್ಧಾಂತಗಳಿಂದಲೇ ತಿಳಿಯಬೇಕೆಂದಿತು. ಆ ಅಳತೆಗೋಲನ್ನು ಇಲ್ಲಿ ಹಿಡಿದರೆ ಉತ್ತರ ಪಾಲಿಕೆಗೇ ಹೆಚ್ಚು ಅನುಕೂಲ. ಉದ್ವಾಸನೆಯಲ್ಲಿ ದೇವರು ಆಗಲೇ ಹೊರಟಿದ್ದಾನೆ. ಉಳಿದ ಮಣ್ಣು ಕರಗಬೇಕೆಂಬುದು ವಿಧಿಯ ತಿರುಳು, ಇಂಥದೇ ಕೆರೆಯಲ್ಲಿ ಕರಗಬೇಕೆಂಬುದಲ್ಲ. ಪೂಜೆಗೆ ಮುನ್ನ ಕಲಶದ ನೀರಿಗೆ ಗಂಗೆ, ಯಮುನೆ, ಕಾವೇರಿಯರನ್ನು ಆವಾಹಿಸುವ ಸಂಪ್ರದಾಯಕ್ಕೆ ತೊಟ್ಟಿಯ ನೀರು ಅಸ್ಪೃಶ್ಯವಾಗಲು ಕಾರಣ ಕಾಣದು. ನಿಜಕ್ಕೂ ವಿಧಿ ತಪ್ಪಿದ್ದು ಕರಗದ ಮೂರ್ತಿಯನ್ನು ತಂದಾಗಲೇ.

ಆದರೂ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. 1893ರಲ್ಲಿ ಬಾಲಗಂಗಾಧರ ತಿಲಕರು ಪುಣೆಯಲ್ಲಿ ಸಾರ್ವಜನಿಕ ಉತ್ಸವಕ್ಕೆ ಒತ್ತು ಕೊಟ್ಟ ಮೇಲೆ ಮೆರವಣಿಗೆ, ಡೊಳ್ಳು, ದಡದ ಜನಸಂದಣಿಗಳೂ ಭಕ್ತಿಯ ಅಂಗಗಳಾಗಿವೆ. ಶಾಸ್ತ್ರ ಹೇಳಲಿಲ್ಲವೆಂದ ಮಾತ್ರಕ್ಕೆ ಅವು ಪೊಳ್ಳಲ್ಲ. ಕಲ್ಯಾಣಿಯ ತಳದಲ್ಲಿ ಕೂಡುವ ಕೆಸರನ್ನು ಎಲ್ಲಿಗೆ ಸಾಗಿಸಲಾಗುತ್ತದೆ ಎಂಬುದೂ ಭಕ್ತನು ಕೇಳಬಹುದಾದ ಪ್ರಶ್ನೆ. ಕಸದ ಲಾರಿಗೆ ಹೋದರೆ ಗೌರವವೂ ಪರಿಸರವೂ ಎರಡೂ ಕೆಡುತ್ತವೆ.

ಮನೆಯ ಮೂರ್ತಿಯ ಮಟ್ಟಿಗೆ ಕಲ್ಯಾಣಿಯೂ ಬೇಕಿಲ್ಲ. ಬಕೆಟ್ಟಿನಲ್ಲಿ ಕರಗಿಸಿ, ಯಾರೂ ತುಳಿಯದ ಗಿಡದ ಬುಡಕ್ಕೆ ಸುರಿದರೆ ಸಾಕು. ತೊಡಕು ಇರುವುದು ಎತ್ತರದಲ್ಲಿ. 2025ರ ಜುಲೈನಲ್ಲಿ ಬಾಂಬೆ ಹೈಕೋರ್ಟ್, ಆರು ಅಡಿಯವರೆಗಿನ ಪ್ಲಾಸ್ಟರ್ ಮೂರ್ತಿಗಳು ಕೃತಕ ಕೊಳಗಳಿಗೇ ಹೋಗಬೇಕೆಂದು ಹೇಳಿ, ಅದಕ್ಕಿಂತ ದೊಡ್ಡವಕ್ಕೆ ತಾತ್ಕಾಲಿಕವಾಗಿ ಸಹಜ ಜಲಮೂಲಗಳನ್ನು ಬಿಟ್ಟುಕೊಟ್ಟಿತು. ಕೃತಕ ಕೊಳದಲ್ಲಿ ಅವು ಮುಳುಗಲಾರವು ಎಂಬುದು ಇದಕ್ಕಿದ್ದ ವ್ಯಾವಹಾರಿಕ ಕಾರಣ. ಹೀಗಾಗಿ ಕರಗಲು ಹೆಚ್ಚು ಹೊತ್ತು ಹಿಡಿಯುವ ಮೂರ್ತಿಗೇ ಸಮುದ್ರ ದೊರೆಯಿತು.