ಸುರಿದ ಅಕ್ಕಿ, ಆಯ್ದ ಅಕ್ಕಿ

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನ ಕಥೆ ಕನ್ನಡದ ಓದುಗರಿಗೆ ಹೊಸದಲ್ಲ. ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ದಂಪತಿ ಇವರು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ, ಆ ಅಕ್ಕಿಯಿಂದಲೇ ಮನೆಯ ದಾಸೋಹ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಹಿಗ್ಗಲಿಲ್ಲ. ಹೆಚ್ಚಾದುದನ್ನು ಒಯ್ದು ಅಲ್ಲೇ ಸುರಿದು ಬಾ ಎಂದಳು. ಬಸವಣ್ಣನೇ ಬೇಕೆಂದು ಅಂದು ಹೆಚ್ಚು ಅಕ್ಕಿ ಚೆಲ್ಲಿಸಿದ್ದನೆಂದು ಕಥೆ ಹೇಳುವವರು ಸೇರಿಸುವುದುಂಟು.

ಶಾಲೆಯಲ್ಲಿ ಈ ಕಥೆಯ ನೀತಿ ಸರಳವಾಗಿತ್ತು: ದುರಾಸೆ ಬೇಡ. ಆದರೆ ಸ್ವಲ್ಪ ನಿಂತು ಯೋಚಿಸಿದರೆ ಆ ಉತ್ತರ ಸಾಲದು ಅನ್ನಿಸುತ್ತದೆ. ಮಾರಯ್ಯ ಕದ್ದಿರಲಿಲ್ಲ. ಅಕ್ಕಿ ನೆಲದ ಮೇಲೇ ಬಿದ್ದಿತ್ತು. ಹೆಚ್ಚು ಬಂದಿದ್ದರೆ ನಾಲ್ಕು ಜನ ಹೆಚ್ಚು ಉಣ್ಣುತ್ತಿದ್ದರು. ಯಾರಿಗೂ ನಷ್ಟವಾಗದ ಈ ಲಾಭದಲ್ಲಿ ಲಕ್ಕಮ್ಮನಿಗೆ ಕಂಡ ಕೇಡು ಯಾವುದು? ಕೃತಕ ಬುದ್ಧಿಮತ್ತೆಯ ಬಗ್ಗೆ ಈಗ ನಡೆಯುತ್ತಿರುವ ಮಾತುಕತೆಯಲ್ಲಿ ನಾವು ಕೇಳಬೇಕಾದ ಪ್ರಶ್ನೆಯೂ ಇದೇ ಎಂದು ನನಗನ್ನಿಸುತ್ತದೆ.

ಏಕೆಂದರೆ ನಮ್ಮ ಅಂಗಳದಲ್ಲೂ ಈಗ ಅಕ್ಕಿ ಸುರಿಯುತ್ತಿದ್ದಾರೆ. ಚಾಟ್‌ಜಿಪಿಟಿ ಜನರ ಕೈಗೆ ಬಂದದ್ದು 2022ರ ನವೆಂಬರ್ ಕೊನೆಗೆ. ಮೂರು ವರ್ಷ ತುಂಬುವಷ್ಟರಲ್ಲಿ, 2025ರಲ್ಲಿ, ಗೂಗಲ್ ಭಾರತದ ಕಾಲೇಜು ವಿದ್ಯಾರ್ಥಿಗಳಿಗೆ ತನ್ನ ಜೆಮಿನೈನ ದುಡ್ಡು ಕೊಟ್ಟು ಪಡೆಯುವ ಆವೃತ್ತಿಯನ್ನು ಒಂದು ವರ್ಷ ಪುಕ್ಕಟೆ ಕೊಟ್ಟಿತು. ಏರ್‌ಟೆಲ್ ಸಿಮ್ ಇದ್ದವರಿಗೆ ಪರ್ಪ್ಲೆಕ್ಸಿಟಿ ಪುಕ್ಕಟೆಯಾಯಿತು. ನವೆಂಬರ್‌ನಿಂದ ಓಪನ್‌ಎಐ ಕೂಡ ಭಾರತೀಯರಿಗೆ ಒಂದು ವರ್ಷದ ಉಚಿತ ಚಂದಾ ಕೊಡತೊಡಗಿತು. ಬಸವಣ್ಣ ಅಕ್ಕಿ ಸುರಿಸಿದ್ದರೆ ಅದು ಪರೀಕ್ಷೆಗಾಗಿ, ಇಲ್ಲವೇ ಪ್ರೀತಿಗಾಗಿ. ಈ ಕಂಪನಿಗಳು ಸುರಿಯುವುದು ರೂಢಿಯಾಗಲೆಂದು. ರೂಢಿಯಾದ ಮೇಲೆ ಬೆಲೆ ಬರುತ್ತದೆ. ಇದರಲ್ಲಿ ಗುಟ್ಟೇನೂ ಇಲ್ಲ, ವ್ಯಾಪಾರ ಹೀಗೇ ನಡೆಯುವುದು. ನನ್ನ ಚಿಂತೆ ಬೆಲೆಯದಲ್ಲ, ರೂಢಿಯದು.

ಪಿಎಚ್‌ಡಿ ಮಾಡುತ್ತಲೇ ನಾನು ಪದವಿ ತರಗತಿಯೊಂದಕ್ಕೆ ಕನ್ನಡ ಪಾಠ ಮಾಡುತ್ತೇನೆ. ಒಮ್ಮೆ ವಚನಗಳಲ್ಲಿ ದುಡಿಮೆಯ ಕಲ್ಪನೆಯ ಬಗ್ಗೆ ಎರಡು ಪುಟ ಬರೆದು ತರಲು ಹೇಳಿದ್ದೆ. ಬಂದ ಬರಹಗಳಲ್ಲಿ ಒಂದು ಬಹಳ ನಯವಾಗಿತ್ತು. ಅದರಲ್ಲೊಂದು ವಚನವಿತ್ತು, ಕೊನೆಗೆ ಚೆನ್ನಮಲ್ಲಿಕಾರ್ಜುನ ಎಂಬ ಅಂಕಿತವೂ ಇತ್ತು. ಆದರೆ ಅಂಥ ವಚನವನ್ನು ಅಕ್ಕ ಬರೆದೇ ಇಲ್ಲ. ಕರೆದು ಕೇಳಿದೆ. ಹುಡುಗಿ ಹೆದರಲಿಲ್ಲ. "ಚೆನ್ನಾಗಿದೆಯಲ್ಲ ಮೇಡಂ" ಎಂದಳು. ಆಮೇಲೆ ಮೆಲ್ಲಗೆ ಹೇಳಿದಳು: "ಕಾಲೇಜು ಮುಗಿಸಿ ಬಟ್ಟೆ ಅಂಗಡಿಗೆ ಹೋಗ್ತೀನಿ. ರಾತ್ರಿ ಒಂಬತ್ತೂವರೆಗೆ ಮನೆ. ಆವಾಗ ಕೂತು ಯಾವ ಪುಸ್ತಕ ಹುಡುಕಲಿ? ನಿಮಗಾದ್ರೆ ಲೈಬ್ರರಿಯಲ್ಲಿ ಕೂರೋದೇ ಕೆಲಸ."

ಈ ಮಾತಿಗೆ ಸುಲಭದ ಉತ್ತರವಿಲ್ಲ. ಕಷ್ಟಪಟ್ಟು ಕಲಿಯಬೇಕು ಎಂದು ಉಪದೇಶ ಮಾಡುವವರಿಗೆ ಸಾಮಾನ್ಯವಾಗಿ ಕಷ್ಟಪಡಲು ಸಮಯವಿರುತ್ತದೆ. ಮನೆಯಲ್ಲಿ ಪುಸ್ತಕವಿಲ್ಲದ, ಇಂಗ್ಲಿಷಿನಲ್ಲಿ ಒಂದು ಅರ್ಜಿ ಬರೆಯಲು ಇನ್ನೊಬ್ಬರ ಬಾಗಿಲು ತಟ್ಟಬೇಕಾಗಿದ್ದ ಹುಡುಗ ಹುಡುಗಿಯರಿಗೆ ಈ ಯಂತ್ರ ನಿಜವಾದ ಊರುಗೋಲು. ಇಲ್ಲಿಯವರೆಗೆ ಅಂಥ ಸಹಾಯ ಅಪ್ಪ, ಚಿಕ್ಕಪ್ಪ, ಟ್ಯೂಷನ್ ಮೇಷ್ಟ್ರ ರೂಪದಲ್ಲಿ ಕೆಲವರ ಮನೆಯಲ್ಲಿ ಮಾತ್ರ ಇತ್ತು. ಆಗ ನಾವದನ್ನು ಮೋಸ ಎನ್ನಲಿಲ್ಲ, ಸಂಸ್ಕಾರ ಎಂದೆವು.

ಹಾಗಾಗಿ ಪೊಲೀಸುಗಾರಿಕೆ ನನಗೆ ಒಪ್ಪಿಗೆಯಿಲ್ಲ. ಅದು ನಡೆಯುವುದೂ ಇಲ್ಲ. ಯಂತ್ರ ಬರೆದದ್ದನ್ನು ಪತ್ತೆ ಹಚ್ಚುವ ಸಲಕರಣೆಯೊಂದನ್ನು ಓಪನ್‌ಎಐ ತಾನೇ 2023ರ ಜನವರಿಯಲ್ಲಿ ಹೊರತಂದಿತ್ತು. ಯಂತ್ರದ ಬರಹದಲ್ಲಿ ಅದು ಗುರುತಿಸಿದ್ದು ಶೇ. 26ನ್ನು ಮಾತ್ರ. ಅದೇ ಜುಲೈನಲ್ಲಿ ಕಂಪನಿ ಅದನ್ನು ಹಿಂದಕ್ಕೆ ಪಡೆಯಿತು. ಅದೇ ವರ್ಷ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಇಂಥ ಏಳು ಸಲಕರಣೆಗಳಿಗೆ ಟೋಫೆಲ್ ಪರೀಕ್ಷೆಗಾಗಿ ಬರೆದ ಪ್ರಬಂಧಗಳನ್ನು ಕೊಟ್ಟು ನೋಡಿದರು. ಇಂಗ್ಲಿಷ್ ತಾಯ್ನುಡಿಯಲ್ಲದ ಮನುಷ್ಯರು ಸ್ವಂತವಾಗಿ ಬರೆದ ಆ ಪ್ರಬಂಧಗಳಲ್ಲಿ ಸರಾಸರಿ ಅರ್ಧಕ್ಕಿಂತ ಹೆಚ್ಚಿನವನ್ನು ಅವು ಯಂತ್ರದ್ದೆಂದು ತೀರ್ಮಾನಿಸಿದವು. ಎರಡನೆಯ ಭಾಷೆಯಲ್ಲಿ ತಡವರಿಸಿ ಬರೆಯುವವರೇ ಕಳ್ಳರಾಗಿ ಕಂಡರು. ಶಿಕ್ಷೆ ಯಾರ ಮೇಲೆ ಬೀಳುತ್ತಿತ್ತು ಎನ್ನುವುದನ್ನು ಊಹಿಸಬಹುದು.

ಹಾಗಾದರೆ ಆ ಹುಡುಗಿಯ ನಯವಾದ ಎರಡು ಪುಟದಲ್ಲಿ ಕೇಡು ಏನಿದೆ? ವಚನ ಸುಳ್ಳು ಎನ್ನುವುದು ಒಂದು. ಅದು ದೊಡ್ಡದೇ. ಆದರೆ ಯಂತ್ರ ನಾಳೆ ಸುಧಾರಿಸಿ ನಿಜವಾದ ವಚನವನ್ನೇ ಕೊಟ್ಟಿತು ಎಂದುಕೊಳ್ಳೋಣ. ಆಗಲೂ ಒಂದು ಪ್ರಶ್ನೆ ಉಳಿಯುತ್ತದೆ. ವಿದ್ಯಾರ್ಥಿ ಬರೆಯುವ ಪ್ರಬಂಧ ಯಾರಿಗೆ ಬೇಕು? ನನಗೆ ಬೇಕಿಲ್ಲ. ಕಾಯಕದ ಬಗ್ಗೆ ಲೋಕಕ್ಕೆ ಇನ್ನೂ ಎರಡು ಪುಟ ಬೇಕಿಲ್ಲ. ತಿದ್ದಿದ ಮೇಲೆ ಆ ಹಾಳೆಗಳು ರದ್ದಿಗೆ ಹೋಗುತ್ತವೆ. ಪ್ರಬಂಧದ ಫಲ ಹಾಳೆಯಲ್ಲಿಲ್ಲ, ಬರೆದ ಮೇಲೆ ಬರೆದವಳಲ್ಲಿ ಏನು ಉಳಿಯಿತೋ ಅದರಲ್ಲಿದೆ. ಒಂದು ವಚನವನ್ನು ನಾಲ್ಕು ಸಲ ಓದಿ, ಅರ್ಥವಾಗದೆ ಕಿರಿಕಿರಿಪಟ್ಟು, ಕೊನೆಗೆ ತನ್ನ ಮಾತಿನಲ್ಲಿ ಹೇಳಲು ಹೊರಟಾಗ ತನಗೆ ಏನು ಗೊತ್ತಿಲ್ಲ ಎನ್ನುವುದು ಗೊತ್ತಾಗುತ್ತದೆ. ಆ ಕಿರಿಕಿರಿಯೇ ಕಲಿಕೆ. ಯಂತ್ರ ತೆಗೆದುಹಾಕುವುದು ಅದನ್ನೇ. ಜಿಮ್ಮಿಗೆ ಹೋಗಿ ಭಾರ ಎತ್ತಲು ಕ್ರೇನ್ ತರಿಸಿದರೆ ಭಾರವೇನೋ ಏಳುತ್ತದೆ.

ಇದರರ್ಥ ಯಂತ್ರವನ್ನು ಓದಿನಿಂದ ದೂರವಿಡಬೇಕು ಎಂದಲ್ಲ. ಕಾಯಕವೇ ಕೈಲಾಸವೆಂಬ ನುಡಿಯನ್ನು ನಮ್ಮಲ್ಲಿ ಬಹಳ ಜನ ಬಸವಣ್ಣನದೆಂದೇ ತಿಳಿದಿದ್ದಾರೆ. ಅದು ಇರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಇದನ್ನು ಖಚಿತಪಡಿಸಿಕೊಳ್ಳಲು ಹಿಂದೆ ಸಮಗ್ರ ವಚನ ಸಂಪುಟದ ಹದಿನೈದು ಸಂಪುಟಗಳನ್ನು ತಿರುವಬೇಕಿತ್ತು. ಈಗ ವಚನ ಸಂಚಯದಲ್ಲಿ ಪದ ಹಾಕಿದರೆ ಕ್ಷಣದಲ್ಲಿ ಸಿಗುತ್ತದೆ. ಅದೂ ಯಂತ್ರವೇ, ನನ್ನಂಥ ಸಂಶೋಧಕರಿಗೆ ಅದರ ಋಣ ದೊಡ್ಡದು. ಆದರೆ ಅದು ಕಾಳು ಎಲ್ಲಿ ಬಿದ್ದಿದೆ ಎಂದು ತೋರಿಸುತ್ತದೆ, ಆಯುವುದು ನಮಗೇ ಬಿಟ್ಟಿದ್ದು. ಜೊತೆಗೆ ಪ್ರತಿ ವಚನವನ್ನೂ ವಚನಕಾರರ ಹೆಸರು, ಅಂಕಿತದ ಸಮೇತ ಕೊಡುತ್ತದೆ. ಇದು ಯಾರ ಅಂಗಳದ ಅಕ್ಕಿ ಎನ್ನುವುದು ತಿಳಿಯುತ್ತದೆ. ಚಾಟ್‌ಬಾಟ್‌ನ ಉತ್ತರದಲ್ಲಿ ಅಂಗಳಗಳೆಲ್ಲ ಬೆರೆತುಹೋಗಿರುತ್ತವೆ. ಪ್ರಕ್ಷಿಪ್ತ ವಚನಗಳನ್ನು ಬೇರ್ಪಡಿಸಲು ನಮ್ಮ ವಿದ್ವಾಂಸರು ತಲೆಮಾರುಗಳಿಂದ ಓಲೆಗರಿಗಳ ಜೊತೆ ಗುದ್ದಾಡಿದ್ದಾರೆ. ಈಗ ಪ್ರಕ್ಷಿಪ್ತಗಳನ್ನು ನಿಮಿಷಕ್ಕೊಂದರಂತೆ, ಅಂಕಿತ ಸಮೇತ ತಯಾರಿಸಬಹುದು. ಅಂಕಿತವೆಂದರೆ ಬರೀ ಸಹಿಯಲ್ಲ, ಈ ಮಾತಿಗೆ ನಾನು ಯಾರ ಮುಂದೆ ಹೊಣೆ ಎಂಬ ಘೋಷಣೆ. ಹೊಣೆ ಹೊರಲಾರದ್ದು ಅಂಕಿತ ಹಾಕಿದರೆ ಏನಾಗುತ್ತದೆ ಎನ್ನುವುದಕ್ಕೆ ನ್ಯೂಯಾರ್ಕಿನ ನ್ಯಾಯಾಲಯದಲ್ಲಿ ಒಂದು ದೃಷ್ಟಾಂತವಿದೆ. 2023ರಲ್ಲಿ ಅಲ್ಲಿನ ವಕೀಲರು ಚಾಟ್‌ಜಿಪಿಟಿ ಕಟ್ಟಿಕೊಟ್ಟ, ಅಸ್ತಿತ್ವದಲ್ಲೇ ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿ ಅರ್ಜಿ ಸಲ್ಲಿಸಿದರು. 5,000 ಡಾಲರ್ ದಂಡ ಬಿದ್ದದ್ದು ವಕೀಲರಿಗೆ. ಯಂತ್ರಕ್ಕೆ ದಂಡ ಹಾಕಲು ಬರುವುದಿಲ್ಲ.

ಇಷ್ಟು ಹೊತ್ತು ಓದಿನ ಮಾತಾಯಿತು. ದುಡಿಮೆಯ ಲೋಕದಲ್ಲಿ ಲೆಕ್ಕ ಬೇರೆ. ಅಲ್ಲಿ ಹಾಳೆ ನಿಜವಾಗಿಯೂ ಬೇಕು, ಬರೆದವರಲ್ಲಿ ಏನು ಉಳಿಯಿತು ಎಂದು ಮಾಲೀಕ ಕೇಳುವುದಿಲ್ಲ. ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡಿ ಜೀವನ ಸಾಗಿಸುತ್ತಿದ್ದ ಗೆಳತಿಯೊಬ್ಬಳಿಗೆ ಈಗ ಅನುವಾದದ ಕೆಲಸ ಬರುವುದಿಲ್ಲ. ಯಂತ್ರ ಮಾಡಿದ ಅನುವಾದವನ್ನು ತಿದ್ದುವ ಕೆಲಸ ಬರುತ್ತದೆ, ಪದಕ್ಕೆ ಮೊದಲಿನ ಅರ್ಧ ದರ. "ಮೊದಲು ನಾನು ಅಡುಗೆ ಮಾಡ್ತಿದ್ದೆ, ಈಗ ಯಾರೋ ಮಾಡಿದ್ದರಲ್ಲಿ ಕಲ್ಲು ಆರಿಸ್ತೀನಿ" ಎನ್ನುತ್ತಾಳೆ. ಅವಳಿಗೆ ಕಲ್ಲು ಕಾಣುತ್ತದೆ, ಏಕೆಂದರೆ ಹತ್ತು ವರ್ಷ ಅಡುಗೆ ಮಾಡಿದ್ದಾಳೆ. ಮುಂದೆ ಬರುವವರಿಗೆ?

ಕನ್ನಡ ಪತ್ರಿಕೋದ್ಯಮದ ಉದಾಹರಣೆ ನೋಡಿ. ಪಿಟಿಐ ಕಳಿಸುವ ಇಂಗ್ಲಿಷ್ ಸುದ್ದಿಯನ್ನು ಕನ್ನಡಕ್ಕೆ ತಿರುಗಿಸುವುದು ದಶಕಗಳ ಕಾಲ ಡೆಸ್ಕಿನ ಕಿರಿಯ ಉಪಸಂಪಾದಕರ ಪಾಲಿನ ಕೆಲಸವಾಗಿತ್ತು. ಬೇಸರದ ಕೆಲಸ. ಆದರೆ ನಮ್ಮ ಎಷ್ಟೋ ಪತ್ರಕರ್ತರ ಗದ್ಯ ಹದಗೊಂಡದ್ದು ಆ ಮೇಜಿನ ಮೇಲೆ, ಹಿರಿಯರ ಕೆಂಪು ಶಾಯಿಯ ಕೆಳಗೆ. ಈಗ ಆ ತರ್ಜುಮೆಯನ್ನು ಯಂತ್ರ ಅರೆಗಳಿಗೆಯಲ್ಲಿ ಮುಗಿಸುತ್ತದೆ. ಸಂಸ್ಥೆಗೆ ಉಳಿತಾಯ, ಇವತ್ತಿನ ಪುಟಕ್ಕೆ ನಷ್ಟವಿಲ್ಲ. ನಷ್ಟ ಗೊತ್ತಾಗುವುದು ಇಪ್ಪತ್ತು ವರ್ಷದ ಮೇಲೆ, ಯಂತ್ರದ ತಪ್ಪು ಹಿಡಿಯಬಲ್ಲ ಹಿರಿಯರಿಗಾಗಿ ಹುಡುಕಿದಾಗ. ಕಿರಿಯರ ಕೆಲಸವನ್ನು ತೆಗೆದುಹಾಕಿ ಹಿರಿಯರನ್ನು ಪಡೆಯುವ ದಾರಿ ಇನ್ನೂ ಯಾರಿಗೂ ಸಿಕ್ಕಿಲ್ಲ.

ಇಲ್ಲೊಂದು ಆಕ್ಷೇಪ ಬರಬೇಕು, ಬರಲಿ. ದುಡಿಮೆಯ ಪಾವಿತ್ರ್ಯದ ಮಾತು ನಮ್ಮ ಸಮಾಜದಲ್ಲಿ ಮುಗ್ಧವಲ್ಲ. ಯಾರ್ಯಾರು ಯಾವ ಕೆಲಸ ಮಾಡಬೇಕು ಎಂದು ಹುಟ್ಟಿನಿಂದಲೇ ಗೆರೆ ಎಳೆದವರೂ ಆ ಕೆಲಸಕ್ಕೆ ಪವಿತ್ರ ಎಂಬ ಹಣೆಪಟ್ಟಿ ಕಟ್ಟಿದ್ದರು. ಎಲ್ಲ ಬೆವರೂ ಮನುಷ್ಯರನ್ನು ಬೆಳೆಸುವುದಿಲ್ಲ, ಕೆಲವು ಕೆಲಸ ಕೊಲ್ಲುತ್ತದೆ. ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ ಕಾಯ್ದೆ 2013ರಲ್ಲೇ ಬಂದರೂ ಗುಂಡಿಗಿಳಿದು ಸತ್ತವರ ಸುದ್ದಿ ನಿಂತಿಲ್ಲ. ಅಲ್ಲಿಗೆ ಯಂತ್ರ ನಿನ್ನೆಯೇ ಬರಬೇಕಿತ್ತು. ವಿಚಿತ್ರವೆಂದರೆ ಯಂತ್ರ ಮೊದಲು ಬಂದದ್ದು ಪದ್ಯ ಬರೆಯುವುದಕ್ಕೆ, ಚಿತ್ರ ಬಿಡಿಸುವುದಕ್ಕೆ. ಯಾವ ಶ್ರಮ ಇಳಿಯಬೇಕು, ಯಾವುದು ಉಳಿಯಬೇಕು ಎನ್ನುವುದನ್ನು ಆ ಶ್ರಮ ಪಡುವವರು ತೀರ್ಮಾನಿಸುತ್ತಿಲ್ಲ, ಎಲ್ಲಿ ಲಾಭವಿದೆಯೋ ಅದು ತೀರ್ಮಾನಿಸುತ್ತಿದೆ. ಲಕ್ಕಮ್ಮನ ಕಥೆಯಲ್ಲಿ ತೀರ್ಮಾನ ಲಕ್ಕಮ್ಮನದು.

ಇನ್ನೊಂದು ಮಾತೂ ಇದೆ. ಈ ಯಂತ್ರವೂ ಅಕ್ಕಿ ಆಯ್ದೇ ಬೆಳೆದದ್ದು. ಅದರ ಕನ್ನಡ ಎಲ್ಲಿಂದ ಬಂತು? ಅಂತರ್ಜಾಲದಲ್ಲಿ ಇರುವ ಅಷ್ಟಿಷ್ಟು ಕನ್ನಡದಿಂದ: ಬ್ಲಾಗು, ಪತ್ರಿಕೆ, 2003ರಿಂದ ಸ್ವಯಂಸೇವಕರು ಒಂದು ಪೈಸೆ ಪಡೆಯದೆ ಕಟ್ಟುತ್ತಾ ಬಂದ ಕನ್ನಡ ವಿಕಿಪೀಡಿಯ. ಅದರ ನಾಲಿಗೆಯನ್ನು ಶುಚಿಗೊಳಿಸಲು ಕೀನ್ಯಾದ ಕಾರ್ಮಿಕರು ಗಂಟೆಗೆ ಎರಡು ಡಾಲರಿಗೂ ಕಡಿಮೆ ಕೂಲಿಗೆ ಅತ್ಯಂತ ಹೊಲಸು ಬರಹಗಳನ್ನು ದಿನವಿಡೀ ಓದಿದರೆಂದು 2023ರ ಜನವರಿಯಲ್ಲಿ ಟೈಮ್ ಪತ್ರಿಕೆ ವರದಿ ಮಾಡಿತು. ಬೇರೆ ದಾರಿ ಇಲ್ಲವೆಂದೇನಲ್ಲ. ಬೆಂಗಳೂರಿನ ಕಾರ್ಯ ಎಂಬ ಸಂಸ್ಥೆ ನಮ್ಮ ಹಳ್ಳಿಗಳ ಹೆಂಗಸರಿಂದ ಫೋನಿನಲ್ಲಿ ಕನ್ನಡ ವಾಕ್ಯಗಳನ್ನು ಓದಿಸಿ ಧ್ವನಿ ಸಂಗ್ರಹಿಸುತ್ತದೆ. ಗಂಟೆಗೆ ಸುಮಾರು ಐದು ಡಾಲರ್ ಕೊಡುತ್ತದೆ, ಆ ಧ್ವನಿ ಮತ್ತೆ ಮಾರಾಟವಾದರೆ ಅದರಲ್ಲೂ ಪಾಲು ಕೊಡುತ್ತದೆ. ಶರಣರು ಕಾಯಕದ ಜೊತೆ ಯಾವಾಗಲೂ ದಾಸೋಹವನ್ನು ಇಟ್ಟರು: ಆಯ್ದದ್ದು ಊರಿಗೆ ಮರಳಬೇಕು. ಎಲ್ಲರ ಅಂಗಳದಿಂದ ಆಯ್ದು, ಒಬ್ಬರ ಕಣಜ ತುಂಬಿ, ಅದನ್ನೇ ನಮಗೆ ಚಂದಾ ಕಟ್ಟಿಸಿಕೊಂಡು ಬಡಿಸುವುದಕ್ಕೆ ಅವರ ಭಾಷೆಯಲ್ಲಿ ಹೆಸರಿಲ್ಲ.

ಈಗ ಮೊದಲಿನ ಪ್ರಶ್ನೆ. ಹೆಚ್ಚಾದ ಅಕ್ಕಿಯಲ್ಲಿ ಲಕ್ಕಮ್ಮನಿಗೆ ಕಂಡ ಕೇಡು ಯಾವುದು? ಅದಕ್ಕೆ ಮೊದಲು ಇನ್ನೊಂದು ಪ್ರಶ್ನೆ: ಅಕ್ಕಿ ಹೆಚ್ಚಾಗಿದೆ ಎಂದು ಅವಳಿಗೆ ಗೊತ್ತಾದದ್ದು ಹೇಗೆ? ದಿನವೂ ಆ ಅಕ್ಕಿಯನ್ನು ಕೈಯಲ್ಲಿ ಹಿಡಿದವಳು ಅವಳು. ಒಬ್ಬ ಮನುಷ್ಯ ಒಂದು ದಿನ ಬಗ್ಗಿ ಆಯ್ದರೆ ಎಷ್ಟು ಕಾಳು ಬರುತ್ತದೆ ಎಂಬ ಅಳತೆ ಅವಳಲ್ಲಿತ್ತು. ಆ ಅಳತೆ ಇದ್ದುದರಿಂದಲೇ ಬೇಡ ಎನ್ನಲು ಸಾಧ್ಯವಾಯಿತು. ನನಗನ್ನಿಸುವಂತೆ ಅವಳು ಹೆದರಿದ್ದು ಆ ಅಳತೆ ಕಳೆದುಹೋದೀತು ಎಂದು. ಸುರಿದ ಅಕ್ಕಿ ರೂಢಿಯಾದರೆ ಆಯ್ದದ್ದೆಷ್ಟು, ಸುರಿದದ್ದೆಷ್ಟು ಎನ್ನುವುದು ಕೆಲವೇ ದಿನಗಳಲ್ಲಿ ಮನೆಯವರಿಗೇ ತಿಳಿಯದಂತಾಗುತ್ತದೆ. ಆಮೇಲೆ ಸುರಿಯುವವರು ಕೈ ಹಿಂದೆಗೆದ ದಿನ ಬಗ್ಗಲು ಬೆನ್ನು ಬಾರದು.

ಕಾಲೇಜು ಕೊಡಬಹುದಾದದ್ದು ಈ ಅಳತೆಯೊಂದೇ. ಅಂಗಡಿಯಲ್ಲಿ ನಿಂತು ದಣಿದು ಬರುವ ಹುಡುಗಿಗೆ ಅದು ಬೇಡವೆಂದಲ್ಲ, ಅವಳಿಗೇ ಹೆಚ್ಚು ಬೇಕು. ಉಳ್ಳವರ ಮಕ್ಕಳಿಗೆ ಎದುರು ಕೂತು ಓದಿಸುವ ಮೇಷ್ಟ್ರು ಮುಂದೆಯೂ ಸಿಗುತ್ತಾರೆ. ಇಲ್ಲದವರಿಗೆ ಯಂತ್ರ ಸಾಕು ಎನ್ನುವ ಕಾಲ ಬಂದರೆ ಊರುಗೋಲೇ ಬೇಲಿಯಾಗುತ್ತದೆ. ಹಾಗಾಗಿ ಈಗ ನಾನು ಮನೆಗೆ ಬರೆಯುವ ಕೆಲಸ ಕೊಡುವುದಿಲ್ಲ. ತರಗತಿಯ ಗಂಟೆಯಲ್ಲೇ ಒಂದು ವಚನ, ಒಂದು ಹಾಳೆ, ಇಪ್ಪತ್ತೈದು ನಿಮಿಷ. ಬರೆದದ್ದನ್ನು ಪಕ್ಕದವರಿಗೆ ಓದಿ ಹೇಳಬೇಕು, ಅವರು ಕೇಳುವ ಒಂದು ಪ್ರಶ್ನೆಗೆ ಉತ್ತರಿಸಬೇಕು. ಅರ್ಧ ಪಠ್ಯ ಉಳಿದುಹೋಗುತ್ತದೆ, ವಿಭಾಗದಲ್ಲಿ ಅದಕ್ಕೆ ಬೈಗುಳವೂ ಇದೆ. ವಾಕ್ಯಗಳು ಕುಂಟುತ್ತವೆ, ಒತ್ತಕ್ಷರ ತಪ್ಪುತ್ತದೆ. ಹಿಡಿ ತುಂಬದಷ್ಟು ಅಕ್ಕಿ. ಆದರೆ ಅದು ಎಷ್ಟಿದೆ ಎಂದು ಆಯ್ದವರಿಗೆ ಗೊತ್ತಿರುತ್ತದೆ.