ತೋಳಕ್ಕೆ ಹಾಕಿದ ಓಟು

ಲಾಮಾರ್ ಕಣಿವೆಯಲ್ಲಿ ಬೆಳಗಿನ ಐದೂವರೆಗೇ ರಸ್ತೆ ಬದಿ ದುರ್ಬೀನುಗಳ ಸಾಲು. ನಮ್ಮದು ಬಾಡಿಗೆಯ ಟ್ರಕ್ ಕ್ಯಾಂಪರ್, ಅಂದರೆ ಪಿಕಪ್ ಟ್ರಕ್ಕಿನ ಬೆನ್ನ ಮೇಲೆ ಕೂರಿಸಿದ ಪುಟ್ಟ ಮನೆ. ಒಳಗೇ ಒಲೆ, ಒಳಗೇ ಹಾಸಿಗೆ. ಕಾಫಿ ಲೋಟ ಹಿಡಿದು ಇಳಿದೆ. ಪಕ್ಕದವರು ತಮ್ಮ ದುರ್ಬೀನು ಬಿಟ್ಟುಕೊಟ್ಟರು. ಮೈಲಿಯಾಚೆ ಮೂರು ಬೂದು ಚುಕ್ಕೆ, ಒಂದು ಕಪ್ಪು. ಅಷ್ಟಕ್ಕೇ ಗಂಟಲು ಕಟ್ಟಿತು.

ಯೆಲ್ಲೋಸ್ಟೋನಿನಲ್ಲಿ 1926ರ ಹೊತ್ತಿಗೆ ಸರಕಾರವೇ ಮುಂದೆ ನಿಂತು ತೋಳಗಳನ್ನು ಮುಗಿಸಿತ್ತು. 1995 ಮತ್ತು 96ರಲ್ಲಿ ಅದೇ ಸರಕಾರ ಕೆನಡಾದಿಂದ 31 ತೋಳಗಳನ್ನು ತಂದು ಬಿಟ್ಟಿತು. ಕೊಂದವರೇ ಕರೆತಂದ ಈ ಕಥೆ ನನಗೆ ಬಹಳ ಇಷ್ಟ. ಅದಕ್ಕೇ, ನಾನಿರುವ ಕೊಲೊರಾಡೊದಲ್ಲಿ ತೋಳ ಬೇಕೇ ಬೇಡವೇ ಎಂದು 2020ರ ನವೆಂಬರಿನಲ್ಲಿ ಜನರನ್ನೇ ಕೇಳಿದಾಗ, ಡೆನ್ವರಿನ ಅಪಾರ್ಟ್‌ಮೆಂಟಿನಲ್ಲಿ ಕೂತು ‘ಹೌದು’ ಎಂದು ಗುರುತು ಹಾಕಿದೆ. ಇಲ್ಲಿನ ಪೌರತ್ವ ಸಿಕ್ಕ ಮೇಲಿನ ಮೊದಲ ಓಟು ಅದು. ಶೇ 51ಕ್ಕೂ ಕಡಿಮೆ ಮತದಲ್ಲಿ ಗೆದ್ದೆವು. ಗೆಲ್ಲಿಸಿದ್ದು ಬಹುಮಟ್ಟಿಗೆ ನಗರದವರು. 2023ರ ಡಿಸೆಂಬರಿನಲ್ಲಿ ಆರೆಗಾನ್‌ನಿಂದ ಬಂದ ಹತ್ತು ತೋಳಗಳು ಇಳಿದದ್ದು ಬೆಟ್ಟದಾಚೆ, ಬೇಡವೆಂದವರ ಹುಲ್ಲುಗಾವಲಿನ ಕಡೆಗೆ.

ವಾಪಸು ಬರುವಾಗ ಗ್ರ್ಯಾಂಡ್ ಕೌಂಟಿಯಲ್ಲಿ ಡೀಸೆಲ್ ಹಾಕಿಸಲು ನಿಲ್ಲಿಸಿದೆವು. ದನ ಸಾಕುವ ಮುದುಕರೊಬ್ಬರು ಕ್ಯಾಂಪರನ್ನು ನೋಡಿ, “ತೋಳ ನೋಡೋಕೆ ಹೋಗಿದ್ರಾ?” ಎಂದು ಕೇಳಿದರು. ಮಾತಿನಲ್ಲಿ ಕೊಂಕಿರಲಿಲ್ಲ. ತೋಳ ಕೊಂದದ್ದೆಂದು ಸಾಬೀತಾದರೆ ಒಂದು ದನಕ್ಕೆ 15,000 ಡಾಲರ್‌ವರೆಗೆ ಪರಿಹಾರವುಂಟಲ್ಲ ಎಂದೆ. “ದುಡ್ಡು ಬರುತ್ತೆ. ರಾತ್ರಿ ಕಾಯೋರು ಯಾರು?” ಎಂದರು. ನಾನು ಯಾವ ಕಡೆ ಓಟು ಹಾಕಿದ್ದೆ ಎಂದು ಹೇಳಲಿಲ್ಲ. ಅವರು ಕೇಳಲೂ ಇಲ್ಲ.

ನಮ್ಮಜ್ಜ ಕೊಪ್ಪಳದ ಕಡೆ ಕುರಿ ಕಾಯ್ದವನು. ಈಗ ಅಲ್ಲೇ ಬಂಕಾಪುರದಲ್ಲಿ ತೋಳಧಾಮವಾಗಿದೆ. ತೋಳ ಮರಿ ಎತ್ತಿಕೊಂಡು ಹೋದರೆ ಅಜ್ಜ, “ಅದರ ಪಾಲ ಅದು ಒಯ್ತು ಬಿಡು” ಅಂತಿದ್ದ. ಈ ಮಾತನ್ನು ಅಮೆರಿಕದ ಎಷ್ಟೋ ಊಟದ ಮೇಜುಗಳಲ್ಲಿ ನಮ್ಮವರ ಸಹನೆಗೆ ಸಾಕ್ಷಿಯಾಗಿ ಹೇಳಿ ಮೆಚ್ಚುಗೆ ಗಿಟ್ಟಿಸಿದ್ದೇನೆ. ಆದರೆ ಪಾಲು ಅನ್ನಲು ಅವನಿಗೆ ಹಕ್ಕಿತ್ತು, ಹೋದದ್ದು ಅವನ ಮರಿ. ಮಾರನೆಯ ರಾತ್ರಿ ಕವಣೆ ಹಿಡಿದು, ನಾಯಿಗಳನ್ನು ಕಟ್ಟಿಕೊಂಡು ಹಟ್ಟಿಯ ಸುತ್ತ ಎಚ್ಚರವಿರುತ್ತಿದ್ದವನೂ ಅವನೇ. ಊಟದ ಮೇಜಿನಲ್ಲಿ ಆ ಭಾಗವನ್ನು ನಾನು ಯಾವತ್ತೂ ಹೇಳಿಲ್ಲ.

ಹಾಗಂತ ಓಟು ಹಿಂತೆಗೆದುಕೊಳ್ಳುವೆನೇ? ಇಲ್ಲ. ಆ ನೆಲದಲ್ಲಿ ಬದುಕಲು ತೋಳಕ್ಕಿರುವ ಹಕ್ಕು ನನ್ನ ಶುದ್ಧಿ ಅಶುದ್ಧಿಯನ್ನು ನಂಬಿಕೊಂಡಿಲ್ಲ. ಆದರೆ ಇನ್ನೊಬ್ಬನ ಕೊಟ್ಟಿಗೆಯಿಂದ ದಾನ ಮಾಡಿ ಪುಣ್ಯ ನನ್ನದೆಂದರೆ ಅದಕ್ಕೇನೆನ್ನಬೇಕು? ತೆರಿಗೆಯ ದುಡ್ಡಿನಲ್ಲಿ ಅದು ತೀರುವುದೆಂದು ನಂಬಿದ್ದೆ. ನಿದ್ದೆಗೆ ಬೆಲೆ ಕಟ್ಟುವುದು ಹೇಗೆಂದು ನಾನು ಯೋಚಿಸಿರಲಿಲ್ಲ.

ಕತ್ತಲಾಗುತ್ತಿತ್ತು. “ರಾತ್ರಿ ನಮ್ಮ ಬೇಲಿ ಪಕ್ಕ ನಿಲ್ಲಿಸಿಕೊಳ್ಳಿ” ಅಂದರು ಅವರು. ನಿಲ್ಲಿಸಿದೆವು. ಹೆಂಡತಿ ನಿದ್ದೆ ಹೋದಳು. ಎರಡು ಗಂಟೆಯ ಹೊತ್ತಿಗೆ ದನಗಳು ಒಮ್ಮೆಲೇ ಕೂಗಿದವು. ಟಾರ್ಚ್ ಹಿಡಿದು ಇಳಿದೆ. ಬೇಲಿಯ ಆಚೆ ತುದಿಯಲ್ಲಿ ಆಗಲೇ ಇನ್ನೊಂದು ಟಾರ್ಚು ಓಡಾಡುತ್ತಿತ್ತು.